ಅಟ್ಟದ ಪೆಟ್ಟಿಗೆಯಲ್ಲಿ ಚೋಮ

ಈ ಸಲ ಬಂದ ಕಾಗದಗಳಲ್ಲಿ ಕೂದಲು ಉದುರುವುದು, ಮಕ್ಕಳ ಹಠ, ಉಪ್ಪಿನಕಾಯಿಗೆ ಹುಳ ಬೀಳುವುದು ಇವುಗಳ ನಡುವೆ ಒಂದೇ ವಿಷಯದ ಮೂರು ಕಾಗದಗಳಿದ್ದವು. ಒಂದು ಬೆಳ್ತಂಗಡಿ ಕಡೆಯದು, ಒಂದು ಬಂಟ್ವಾಳದ್ದು, ಇನ್ನೊಂದು ಮೂಡುಬಿದಿರೆಯದು. ಮೂರೂ ಸಿನಿಮಾದ ವಿಷಯವೇ. ಟಾಕೀಸಿನ ಸಿನಿಮಾ ಅಲ್ಲ, ಮನೆಯಲ್ಲಿ ಕೂಡಿಟ್ಟ ಸಿನಿಮಾ!

ಬೆಳ್ತಂಗಡಿ ಕಡೆಯ ಸೋದರಿ ಬರೆಯುತ್ತಾರೆ: "ಅಕ್ಕಾ, ನಮ್ಮ ಮಾವನವರು ಶಾಲೆಯಲ್ಲಿ ಮಾಸ್ಟ್ರಾಗಿದ್ದವರು. ಮೊನ್ನೆ ಅವರ ವರ್ಷಾಂತಿಕವೂ ಆಯಿತು. ಅವರಿಗೆ ಸಿನಿಮಾದ ಹುಚ್ಚು. ಹೊಡೆದಾಟದ್ದಲ್ಲ, ಪ್ರಶಸ್ತಿ ಬಂದ ಕಪ್ಪು-ಬಿಳುಪಿನವು. ಟೀವಿಯಿಂದ ರೆಕಾರ್ಡ್ ಮಾಡಿಟ್ಟ ಕ್ಯಾಸೆಟ್ಟುಗಳೇ ನೂರರ ಮೇಲೆ ಉಂಟು. ಆಮೇಲೆ ಸೀಡಿ, ಡಿವಿಡಿ. ಎಲ್ಲ ಅಟ್ಟದಲ್ಲಿ ಎರಡು ಮರದ ಪೆಟ್ಟಿಗೆ ತುಂಬ ಬಿದ್ದಿವೆ. ಇವರು ಗುಜರಿಯವನಿಗೆ ಕೊಡು ಅಂತಾರೆ. ಅತ್ತೆ ಏನೂ ಹೇಳುವುದಿಲ್ಲ, ಆದರೆ ಪೆಟ್ಟಿಗೆ ಮುಟ್ಟಿದ ಸದ್ದಾದರೆ ಎದ್ದು ಬರುತ್ತಾರೆ. ನಾನು ಎಂಥ ಮಾಡಲಿ?"

ಸೋದರಿ, ಮೊದಲ ಮಾತು: ಗುಜರಿಯವನನ್ನು ಸದ್ಯಕ್ಕೆ ಅಂಗಳಕ್ಕೆ ಕರೆಯಬೇಡಿ. ಎರಡನೆಯದು, ಪೆಟ್ಟಿಗೆಯನ್ನು ಅತ್ತೆಯ ಎದುರಿಗೇ ಇಳಿಸಿ. ಅವರಿಲ್ಲದಾಗ ಬಿಚ್ಚಬೇಡಿ. ಅವರು ಕಾಯುತ್ತಿರುವುದು ಸಿನಿಮಾವನ್ನೇ ಎಂದು ನೀವು ತಿಳಿದಿರಬಹುದು, ಅದು ಹಾಗಿಲ್ಲದಿರಬಹುದು. 1980ರ ದಶಕದಲ್ಲಿ ಭಾನುವಾರ ಮಧ್ಯಾಹ್ನ ದೂರದರ್ಶನದಲ್ಲಿ ಪ್ರಾದೇಶಿಕ ಭಾಷೆಗಳ ಪ್ರಶಸ್ತಿ ಚಿತ್ರಗಳು ಬರುತ್ತಿದ್ದವು. ಊಟ ಮುಗಿಸಿ, ಅಡುಗೆಮನೆ ತೊಳೆದು, ಒಂದು ಕಣ್ಣು ನಿದ್ದೆಗೆ ಎಳೆಯುತ್ತಿದ್ದರೂ ಗಂಡನ ಪಕ್ಕದಲ್ಲಿ ಕೂತು ನೋಡಿದ ಹೆಂಗಸರು ನಮ್ಮಲ್ಲಿ ಎಷ್ಟು ಮಂದಿ! ಗೊತ್ತಿಲ್ಲದ ಭಾಷೆಯ ಚಿತ್ರವಾದರೆ ಗಂಡ ಅಡಿಯ ಇಂಗ್ಲಿಷ್ ಸಾಲು ಓದಿ ಹೇಳಬೇಕು, ಹೆಂಡತಿ ಕೇಳಬೇಕು. ನಿಮ್ಮ ಅತ್ತೆಗೆ ಆ ಪೆಟ್ಟಿಗೆಯಲ್ಲಿ ಇರುವುದು ಅಂಥ ಭಾನುವಾರಗಳೋ ಏನೋ. ಕೇಳಿ ನೋಡಿ. "ಇದರಲ್ಲಿ ನಿಮಗೆ ಇಷ್ಟವಾದದ್ದು ಯಾವುದು ಅತ್ತೆ?" ಎಂದು ಕೇಳಿದರೆ ಸಾಕು. ಯಾರೂ ಅವರನ್ನು ಹಾಗೆ ಕೇಳಿರಲಿಕ್ಕಿಲ್ಲ.

ಇನ್ನು ಕೆಲಸದ ಮಾತಿಗೆ ಬರೋಣ. ಒಂದು ನೋಟುಪುಸ್ತಕ ತೆಗೆದುಕೊಂಡು ಪಟ್ಟಿ ಮಾಡಿ. ಕ್ಯಾಸೆಟ್ಟಿನ ಬೆನ್ನಿನ ಮೇಲೆ ಮಾವನವರ ಅಕ್ಷರದಲ್ಲಿ ಹೆಸರು, ತಾರೀಕು ಇದ್ದೀತು. ಆ ಚೀಟಿ ಕೀಳಬೇಡಿ. ಹೆಸರಿಲ್ಲದ ಕ್ಯಾಸೆಟ್ಟುಗಳನ್ನು ಬೇರೆ ಇಡಿ. ಅವುಗಳಲ್ಲಿ ಮದುವೆಯದೋ ಉಪನಯನದ್ದೋ ರಾತ್ರಿ ಯಕ್ಷಗಾನದ್ದೋ ಇರುವುದುಂಟು. ನನ್ನ ಲೆಕ್ಕದಲ್ಲಿ ಮೊದಲು ಉಳಿಸಬೇಕಾದದ್ದು ಇವುಗಳನ್ನೇ. ಸತ್ಯಜಿತ್ ರಾಯರ 'ಪಥೇರ್ ಪಾಂಚಾಲಿ'ಗೆ ಲೋಕವೆಲ್ಲ ಕಾವಲಿದೆ. ಅಪು ಚಿತ್ರಗಳ ಮೂಲ ನೆಗೆಟಿವ್ 1993ರಲ್ಲಿ ಲಂಡನ್ನಿನ ಲ್ಯಾಬೊಂದರ ಬೆಂಕಿಗೆ ಸಿಕ್ಕಿದರೂ, ಅಳಿದುಳಿದದ್ದನ್ನು ಜೋಡಿಸಿ 2015ರಲ್ಲಿ ಮತ್ತೆ ಹೊಸದಾಗಿ ನಿಲ್ಲಿಸಿದರು. ನಿಮ್ಮ ಮನೆ ಮದುವೆಯಲ್ಲಿ ಮಾವನವರು ಅತಿಥಿಗಳಿಗೆ "ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಿ" ಎಂದ ದನಿ ಇರುವುದು ಆ ಒಂದೇ ಕ್ಯಾಸೆಟ್ಟಿನಲ್ಲಿ.

ಅಟ್ಟ ಮಾತ್ರ ಬೇಡವೇ ಬೇಡ. ಎಪ್ರಿಲ್-ಮೇಯಲ್ಲಿ ಹಂಚಿನ ಕೆಳಗೆ ಬೆಂಕಿ, ಜೂನಿನಿಂದ ತೇವ, ಜೊತೆಗೆ ಒಲೆಯ ಹೊಗೆ. ನಮ್ಮ ಜಿಲ್ಲೆಯ ಮಳೆಗಾಲದಲ್ಲಿ ಚರ್ಮದ ಚಪ್ಪಲಿಗೇ ಬೂಸ್ಟು ಬರುತ್ತದೆ, ಟೇಪಿಗೆ ಬಾರದೆ ಇದ್ದೀತೇ? ಕ್ಯಾಸೆಟ್ಟಿನ ಕಿಟಕಿಯಲ್ಲಿ ಬೆಳಕಿಗೆ ಹಿಡಿದು ನೋಡಿ. ಸುರುಳಿಯ ಮೇಲೆ ಬಿಳಿ ಪುಡಿಯೋ ನೂಲಿನಂಥದ್ದೋ ಕಂಡರೆ ಅದು ಬೂಸ್ಟು. ಅಂಥದ್ದನ್ನು ಯಾವ ಕಾರಣಕ್ಕೂ ವಿಸಿಆರ್‌ಗೆ ಹಾಕಬೇಡಿ. ಯಂತ್ರದ ತಲೆಗೆ ಅಂಟಿ, ಮುಂದೆ ಹಾಕುವ ಒಳ್ಳೆಯ ಕ್ಯಾಸೆಟ್ಟಿಗೂ ದಾಟುತ್ತದೆ. ಬೇರೆ ಚೀಲದಲ್ಲಿ ಕಟ್ಟಿಟ್ಟು, ಬಲ್ಲವರಿಗೇ ಕೊಡಬೇಕು. ಮುಟ್ಟುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಉಬ್ಬಸ ಇದ್ದವರು ಮುಟ್ಟುವುದೇ ಬೇಡ.

ಒಳ್ಳೆಯವನ್ನು ಹಲಸಿನ ಹಪ್ಪಳದ ಹಾಗೆ ನೋಡಿಕೊಳ್ಳಿ. ಬಿಸಿಲು ಇರುವಾಗ ಹಪ್ಪಳ ಒಣಗಿಸಿ, ಮಳೆ ಬರುವ ಮೊದಲೇ ಡಬ್ಬದಲ್ಲಿ ಬಿಗಿ ಮುಚ್ಚಿ ಇಡುತ್ತೀರಲ್ಲ, ಹಾಗೆಯೇ. ಆದರೆ ಕ್ಯಾಸೆಟ್ಟನ್ನಾಗಲೀ ಡಿಸ್ಕನ್ನಾಗಲೀ ಬಿಸಿಲಿಗೆ ಇಡಬೇಡಿ ಮಾರಾಯ್ತಿ, ಆ ಮಟ್ಟಿಗೆ ಹಪ್ಪಳದ ಹೋಲಿಕೆ ಸಾಕು! ಒಣಹವೆಯ ದಿನ ನೋಡಿ ಬಿಗಿ ಮುಚ್ಚಳದ ಡಬ್ಬಕ್ಕೆ ತುಂಬಿ. ಹೊಸ ಚಪ್ಪಲಿ, ಬ್ಯಾಗುಗಳ ಜೊತೆ ತೇವ ಹೀರುವ ಕಾಳಿನ ಪುಟ್ಟ ಪೊಟ್ಟಣ ಬರುತ್ತದಲ್ಲ, ಅಂಥವನ್ನು ಒಳಗೆ ಹಾಕಿ. ನುಸಿಗುಳಿಗೆ ಹಾಕಬೇಡಿ, ಅದರ ಹಬೆ ಪ್ಲಾಸ್ಟಿಕ್ಕಿಗೆ ಆಗದು. ಕ್ಯಾಸೆಟ್ಟನ್ನು ಪುಸ್ತಕದಂತೆ ನಿಲ್ಲಿಸಿ ಇಡಬೇಕು, ಪೂರ್ತಿ ಒಂದು ಕಡೆಗೆ ಸುತ್ತಿರಬೇಕು. ಸ್ಪೀಕರಿನ ಹತ್ತಿರ ಬೇಡ, ಅದರೊಳಗೆ ಅಯಸ್ಕಾಂತ ಇರುತ್ತದೆ.

ಡಿಸ್ಕು ಒರೆಸುವುದಕ್ಕೂ ಕ್ರಮ ಉಂಟು. ತಟ್ಟೆ ಒರೆಸಿದ ಹಾಗೆ ಸುತ್ತ ಒರೆಸಬಾರದು. ಹಳೆಯ ಮೆತ್ತನೆ ಹತ್ತಿ ಬಟ್ಟೆಯಲ್ಲಿ ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರ ಗೆರೆ ಎಳೆದಂತೆ ಒರೆಸಿ. ಅಡ್ಡ ಗೀರು ಬಿದ್ದರೆ ಯಂತ್ರ ಹೇಗೋ ಸುಧಾರಿಸಿಕೊಳ್ಳುತ್ತದೆ, ಸುತ್ತುಗೀರು ಬಿದ್ದರೆ ಒಂದೇ ಕಡೆ ನಿಂತು ತಡವರಿಸುತ್ತದೆ. ಸೀಡಿಯ ಚಿತ್ರವಿರುವ ಮೇಲ್ಮೈಯ ಮೇಲೆ ಬಾಲ್‌ಪೆನ್ನಿನಿಂದ ಬರೆಯಬೇಡಿ. ವಿಷಯವೆಲ್ಲ ಇರುವುದು ಆ ತೆಳುಪದರದ ಕೆಳಗೇ. ಮನೆಯಲ್ಲಿ ಬರೆದುಕೊಂಡ ಡಿಸ್ಕುಗಳು ಅಂಗಡಿಯವಕ್ಕಿಂತ ಬೇಗ ಕೆಡುತ್ತವೆ, ಅವುಗಳಿಗೆ ಬೆಳಕೇ ಶತ್ರು.

ಕ್ಯಾಸೆಟ್ಟಿಗಿಂತ ದೊಡ್ಡ ಚಿಂತೆ ಯಂತ್ರದ್ದು. ಜಪಾನಿನ ಫುನಾಯ್ ಕಂಪೆನಿ 2016ರ ಜುಲೈಯಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸಿದ ಮೇಲೆ ಹೊಸದು ಬರುತ್ತಿಲ್ಲ. ಮೊದಲು ಮದುವೆ ವಿಡಿಯೋ ತೆಗೆಯುತ್ತಿದ್ದ ಸ್ಟುಡಿಯೋದವರಲ್ಲಿ ಕೆಲವರ ಬಳಿ ಹಳೆಯ ಯಂತ್ರ ಇದ್ದೀತು, ವಿಚಾರಿಸಿ. ಮೊದಲು ಒಂದೇ ಕ್ಯಾಸೆಟ್ ಕೊಟ್ಟು ಫಲ ನೋಡಿ. ಚೆನ್ನಾಗಿ ಬಂದರೆ ಐದೈದರಂತೆ ಕೊಡಿ, ಮೂಲವನ್ನು ವಾಪಸು ಕೇಳಿ ತೆಗೆದುಕೊಳ್ಳಿ. ನೂರು ಕ್ಯಾಸೆಟ್ಟುಗಳ ಸಾರ ಒಂದು ಟೆರಾಬೈಟಿನ ಹಾರ್ಡ್ ಡಿಸ್ಕಿನಲ್ಲಿ ಸುಖವಾಗಿ ಕೂರುತ್ತದೆ. ಅಂಥವು ಎರಡು ಬೇಕು, ಒಂದು ನಿಮ್ಮಲ್ಲಿ, ಇನ್ನೊಂದು ನಾದಿನಿಯ ಮನೆಯಲ್ಲಿ. ಸಿಡಿಲಿಗೆ ಒಂದು ಹೋದರೆ ಇನ್ನೊಂದು ಉಂಟಲ್ಲ. ಮನೆಯಲ್ಲಿ ನೋಡಲು ಉಳಿಸಿಕೊಳ್ಳುವುದು ಬೇರೆ, ಪ್ರತಿ ಮಾಡಿ ಮಾರುವುದು ಹಂಚುವುದು ಬೇರೆ. ಎರಡನೆಯದು ಬೇಡ.

ಗಂಡನ ಮಾತನ್ನೂ ತಳ್ಳಿಹಾಕಬೇಡಿ. ಜಾಗ ಬೇಕು ಎನ್ನುವುದು ತಪ್ಪಲ್ಲ. ಎಲ್ಲೆಲ್ಲೂ ಸಿಗುವ ಹಿಂದಿ ಚಿತ್ರಗಳ ಸೀಡಿಗಳು ಹೋದರೆ ಹೋಗಲಿ. ಒಳಕೋಣೆಯಲ್ಲಿ ಒಂದು ಶೆಲ್ಫು ಕೇಳಿ. ಎರಡು ಪೆಟ್ಟಿಗೆ ಒಂದು ಶೆಲ್ಫಿಗೆ ಇಳಿದರೆ ಅವರಿಗೂ ಸಮಾಧಾನ.

ಬಂಟ್ವಾಳದ ತಂಗಿ ಕಾಲೇಜಿನವಳು. "ನನಗೆ ಹಳೆಯ ಒಳ್ಳೆಯ ಕನ್ನಡ ಚಿತ್ರಗಳನ್ನು ಕೂಡಿಡುವ ಆಸೆ. ಎಲ್ಲ ಫೋನಿನಲ್ಲೇ ಸಿಗುವಾಗ ತಟ್ಟೆ ಯಾಕೆ ಅಂತ ಅಣ್ಣ ತಮಾಷೆ ಮಾಡ್ತಾನೆ. ಎಲ್ಲಿಂದ ಶುರು ಮಾಡಲಿ?" ಎಂದು ಕೇಳಿದ್ದಾಳೆ.

ನಿನ್ನ ತಾಲೂಕಿನಿಂದಲೇ ಶುರು ಮಾಡು ತಂಗೀ. ಬಿ.ವಿ. ಕಾರಂತರು ಹುಟ್ಟಿದ್ದು ಬಂಟ್ವಾಳ ತಾಲೂಕಿನ ಮಂಚಿಯಲ್ಲಿ, 1929ರಲ್ಲಿ. ಹುಡುಗನಾಗಿದ್ದಾಗಲೇ ಮನೆಬಿಟ್ಟು ಗುಬ್ಬಿ ಕಂಪೆನಿ ಸೇರಿದವರು. ಅವರು 1975ರಲ್ಲಿ ತೆಗೆದ 'ಚೋಮನ ದುಡಿ' ಆ ವರ್ಷದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆಯಿತು. ಚೋಮನಾದ ಎಂ.ವಿ. ವಾಸುದೇವರಾಯರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಶಿವರಾಮ ಕಾರಂತರ ಕಾದಂಬರಿ 1933ರದು, ನಮ್ಮ ಜಿಲ್ಲೆಯ ಗದ್ದೆಯ ಕಥೆ. ಉಳುವ ಎತ್ತು ಇದ್ದೂ ಉಳಲು ಭೂಮಿ ಇಲ್ಲದ ಚೋಮನಿಗಾಗಿ ಎಲ್ಲರೂ ಮರುಗುತ್ತಾರೆ. ನೀನು ನೋಡುವಾಗ ಮಗಳು ಬೆಳ್ಳಿಯ ಮೇಲೆ ಕಣ್ಣಿಡು. ಅಪ್ಪನ ಸಾಲ ತೀರಿಸಲು ಎಸ್ಟೇಟಿಗೆ ಹೋದ ಹುಡುಗಿ ತೆತ್ತದ್ದು ಯಾವ ಲೆಕ್ಕದ ಪುಸ್ತಕದಲ್ಲೂ ಇಲ್ಲ.

ಆಮೇಲೆ ಪಟ್ಟಾಭಿರಾಮ ರೆಡ್ಡಿಯವರ 'ಸಂಸ್ಕಾರ' (1970). ಸೆನ್ಸಾರಿನವರು ಮೊದಲು ತಡೆದ ಈ ಚಿತ್ರವೇ ಮುಂದೆ ಕನ್ನಡಕ್ಕೆ ಮೊದಲ ಸ್ವರ್ಣಪದಕ ತಂದಿತು. ಅದರ ಚಂದ್ರಿ ಸ್ನೇಹಲತಾ ರೆಡ್ಡಿ. ತುರ್ತುಪರಿಸ್ಥಿತಿಯಲ್ಲಿ ಸೆರೆಮನೆಯಲ್ಲಿದ್ದು ಕಾಯಿಲೆ ಬಿದ್ದು, ಹೊರಬಂದ ಸ್ವಲ್ಪದರಲ್ಲೇ 1977ರ ಜನವರಿಯಲ್ಲಿ ತೀರಿಕೊಂಡರು. ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' (1977) ಬೇಕೇ ಬೇಕು. ಅದಕ್ಕೆ ಸಂಗೀತ ನಿಮ್ಮ ಮಂಚಿಯ ಕಾರಂತರದೇ. ಇನ್ನು ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'. ಹೆಂಗಸು ಬರೆದ ಹೆಂಗಸಿನ ಕಥೆ, ಚಿತ್ರ ಮಾಡಿದ್ದೂ ಹೆಂಗಸೇ, ಬಿ.ವಿ. ಕಾರಂತರ ಪತ್ನಿ ಪ್ರೇಮಾ ಕಾರಂತ. ಬಾಲವಿಧವೆಯಾಗಿ ಬಾಳಿದ ಫಣಿಯಮ್ಮನಾಗಿ ಎಲ್.ವಿ. ಶಾರದಾ ಮಾಡಿದ್ದಾರೆ. ನಮ್ಮ ಓದುಗರಿಗೆ ನಾನು ಒಂದೇ ಚಿತ್ರ ಹೇಳಬೇಕಾದರೆ ಇದನ್ನೇ ಹೇಳುತ್ತೇನೆ.

ಅಣ್ಣನ ತಮಾಷೆಗೆ ಉತ್ತರ ಹೀಗೆ ಕೊಡು. ಫೋನಿನಲ್ಲಿ ಇಂದು ಕಂಡದ್ದು ನಾಳೆ ಹಕ್ಕಿನ ತಕರಾರಾದರೆ ಕಾಣೆ. ಇರುವುದರಲ್ಲೂ ಎಷ್ಟೋ ಪ್ರತಿಗಳು ಮಸುಕು, ಅಂಚು ಕತ್ತರಿಸಿದವು, ಮೂಲೆಯಲ್ಲಿ ಯಾರದೋ ಮುದ್ರೆ. ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ' (1934) ಇವತ್ತು ನೋಡೋಣವೆಂದರೆ ಪ್ರತಿಯೇ ಇಲ್ಲ. ಆದರೆ ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗುವ ಕಾಲ ಹೋಯಿತು ಎಂಬುದೂ ನಿಜ. 2007ರ ಸುಮಾರಿಗೆ ಮೋಸರ್ ಬೇರ್ ಕಂಪೆನಿ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಮಾರಿದಾಗ ತರಕಾರಿ ಚೀಲದ ಜೊತೆ ಸಿನಿಮಾವೂ ಮನೆಗೆ ಬರುತ್ತಿತ್ತು. ಆ ಕಂಪೆನಿ 2018ರಲ್ಲಿ ದಿವಾಳಿಯ ಹಾದಿಯಲ್ಲಿ ಮುಚ್ಚಿತು. ಈಗ ಹಳೆಯ ಸೀಡಿ ಅಂಗಡಿಯ ಹಿಂದಿನ ಗೂಡು, ಹಳೆ ಪುಸ್ತಕದ ಅಂಗಡಿ, ನೆಂಟರ ಮನೆಯ ಶೋಕೇಸು ಇವೇ ಗತಿ. ವಿಸಿಡಿ ಕೊಳ್ಳುವಾಗ ಒಳಗೆ ಎರಡೂ ತಟ್ಟೆ ಇವೆಯೇ ನೋಡು. ಒಂದರಲ್ಲಿ ಹಿಡಿಯುವುದು 80 ನಿಮಿಷದಷ್ಟೇ, ಎರಡನೆಯದಿಲ್ಲದಿದ್ದರೆ ಕಥೆ ಅರ್ಧಕ್ಕೇ ನಿಲ್ಲುತ್ತದೆ. ಅಮೆರಿಕದ ಚಿಕ್ಕಪ್ಪನಿಂದ ತರಿಸುವುದಾದರೆ ಡಿವಿಡಿಯ ವಲಯದ ಅಂಕಿ ಕೇಳು. ಅಲ್ಲಿಯದು 1, ನಮ್ಮದು 5. ಕೆಲವು ಪ್ಲೇಯರುಗಳು ಬೇರೆ ವಲಯದ್ದನ್ನು ನುಂಗುವುದಿಲ್ಲ.

ಒಂದು ಸಂತೋಷದ ಸುದ್ದಿಯೂ ಉಂಟು. 'ಘಟಶ್ರಾದ್ಧ'ವನ್ನು ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಹಾಲಿವುಡ್ಡಿನ ಮಾರ್ಟಿನ್ ಸ್ಕಾರ್ಸೆಸೆ ಕಟ್ಟಿದ ಸಂಸ್ಥೆಯವರು ಸೇರಿ ಜೀರ್ಣೋದ್ಧಾರ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ನಲವತ್ತೇಳು ವರ್ಷದ ಮೇಲೆ ಯಮುನಕ್ಕನ ಮುಖ ಮತ್ತೆ ಸ್ವಚ್ಛವಾಗಿ ಕಂಡಿತು.

ಮೂಡುಬಿದಿರೆಯ ಸೋದರಿಯದು ಚಿಕ್ಕ ಕಾಗದ. ತಿಂಗಳಿಗೊಮ್ಮೆ ನೆರೆಮನೆಯ ನಾಲ್ವರನ್ನು ಕರೆದು ತಾವು ಕೂಡಿಟ್ಟ ಚಿತ್ರವೊಂದನ್ನು ಹಾಕುತ್ತಾರಂತೆ. ಯಜಮಾನರು "ಅಳುವ ಸಿನಿಮಾ ಸಂಘ" ಎಂದು ಹೆಸರಿಟ್ಟಿದ್ದಾರಂತೆ. ನಿಲ್ಲಿಸಬೇಕೇ ಎಂದು ಕೇಳುತ್ತಾರೆ.

ಯಾಕೆ ನಿಲ್ಲಿಸಬೇಕು? ಹೆಗ್ಗೋಡಿನಂಥ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲೇ ನೀನಾಸಂ ಚಿತ್ರಸಮಾಜ ಕಟ್ಟಿ ಲೋಕದ ಒಳ್ಳೆಯ ಚಿತ್ರಗಳನ್ನು ಅಡಿಕೆ ತೋಟದವರಿಗೆ ತೋರಿಸಿದರು. ಆಗಲೂ ನಕ್ಕವರು ಇದ್ದಿರಬೇಕು. ನಿಮ್ಮೂರಿನ ಬಸದಿಯಲ್ಲಿ ತಾಳೆಗರಿಯ ಧವಲ ಗ್ರಂಥಗಳು ನೂರಾರು ವರ್ಷ ಉಳಿದದ್ದು ಯಾರೋ ಜೋಪಾನ ಮಾಡಿದ್ದರಿಂದ. ಲೋಕದಲ್ಲಿ ಬೇರೆಲ್ಲೂ ಇಲ್ಲದ ಅವನ್ನು ಪ್ರತಿ ಮಾಡಲು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಶುರು ಮಾಡಿದರು, 1939ರಿಂದ ಅಚ್ಚಾಗಿ ಎಲ್ಲರಿಗೂ ಸಿಕ್ಕವು. ಸಿನಿಮಾವನ್ನು ಶಾಸ್ತ್ರಗ್ರಂಥಕ್ಕೆ ಹೋಲಿಸುತ್ತಿಲ್ಲ. ಆದರೆ ಕಾಪಿಡುವ ಬುದ್ಧಿ ನಿಮ್ಮ ಊರಿನ ಗಾಳಿಯಲ್ಲೇ ಉಂಟು ಎಂದು ಯಜಮಾನರಿಗೆ ಹೇಳಬಹುದಲ್ಲ!

ನಿಮ್ಮ ಸಂಘಕ್ಕೆ ಮುಂದಿನ ಚಿತ್ರ ನಾನೇ ಹೇಳುತ್ತೇನೆ: 'ಗುಲಾಬಿ ಟಾಕೀಸು' (2008). ಕುಂದಾಪುರದ ವೈದೇಹಿಯವರ ಕಥೆಯನ್ನು ಕಾಸರವಳ್ಳಿಯವರು ಬದಲಿಸಿಕೊಂಡು ತೆಗೆದದ್ದು. ಗಂಡ ಬಿಟ್ಟ ಸೂಲಗಿತ್ತಿ ಗುಲಾಬಿಗೆ ಸಿನಿಮಾ ಎಂದರೆ ಪ್ರಾಣ. ಹೆರಿಗೆ ಮಾಡಿಸಿದ್ದಕ್ಕೆ ಅವಳಿಗೆ ಡಿಶ್ ಸಮೇತ ಬಣ್ಣದ ಟೀವಿ ಸಿಗುತ್ತದೆ. ಮೀನುಗಾರರ ಕೇರಿಯ ಹೆಂಗಸರು ಮೊದಲು ಹೊಸ್ತಿಲಲ್ಲಿ ನಿಂತು ನೋಡುತ್ತಾರೆ, ಆಮೇಲೆ ಒಳಗೆ ಬರುತ್ತಾರೆ, ಟೀವಿ ನೋಡುತ್ತ ತಮ್ಮ ಮನೆಯ ಸಂಕಟವನ್ನೂ ಹೇಳಿಕೊಳ್ಳುತ್ತಾರೆ. ಊರಲ್ಲಿ ಜಾತಿ-ಮತದ ಬೆಂಕಿ ಹತ್ತಿದಾಗ ಗುಲಾಬಿ ಊರು ಬಿಡಬೇಕಾಗುತ್ತದೆ. ಉಮಾಶ್ರೀಯವರಿಗೆ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ತಂದ ಪಾತ್ರ.

ಆ ದಿನ ಯಜಮಾನರನ್ನೂ ಕೂರಿಸಿ. ಚಹಾ ಮೊದಲೇ ಮಾಡಿ ಫ್ಲಾಸ್ಕಿಗೆ ಹಾಕಿಡಿ, ನಡುವೆ ನೀವು ಏಳುವ ಹಾಗಾಗಬಾರದು.