ಹೊಂದದ ರೀಡಿಂಗ್ ಅನ್ನು ಅಳಿಸಬೇಡಿ

ನಮ್ಮ ಪದವಿ ಕಾಲೇಜುಗಳ ಭೌತಶಾಸ್ತ್ರ ಲ್ಯಾಬ್‌ಗಳಲ್ಲಿ ಎಲ್ಲಿಯೂ ಬರೆದಿಡದ ಒಂದು ನಿಯಮವಿದೆ: ಉತ್ತರ ಮೊದಲು, ಪ್ರಯೋಗ ಆಮೇಲೆ. ಸೀನಿಯರ್‌ಗಳ ರೆಕಾರ್ಡ್ ಪುಸ್ತಕ ಕೈಯಿಂದ ಕೈಗೆ ಬರುತ್ತದೆ. ಅದರಲ್ಲಿನ ಕೊನೆಯ ಬೆಲೆ ನೋಡಿಕೊಂಡು ಹಿಂದಕ್ಕೆ ಲೆಕ್ಕ ಹಾಕಿದರೆ ಗ್ರಾಫಿನ ಚುಕ್ಕಿಗಳೆಲ್ಲ ಪ್ರಾರ್ಥನೆಗೆ ನಿಂತ ಮಕ್ಕಳಂತೆ ಸಾಲಾಗಿ ನಿಲ್ಲುತ್ತವೆ. ಇದನ್ನು ಯಾರೂ ಮೋಸ ಎನ್ನುವುದಿಲ್ಲ, ‘ಅಡ್ಜಸ್ಟ್ ಮಾಡೋದು’ ಎನ್ನುತ್ತಾರೆ. ಈಗ ಎಂ.ಎಸ್ಸಿ. ಓದುತ್ತಿರುವ ನನಗೆ ಇದು ಬರೀ ಅಂಕಗಳ ವಿಷಯವಾಗಿ ಕಾಣುತ್ತಿಲ್ಲ. ಹೊಸ ವಿಜ್ಞಾನ ಹುಟ್ಟಬಹುದಾದ ಜಾಗವನ್ನೇ ನಾವು ರಬ್ಬರ್ ಹಿಡಿದು ಉಜ್ಜುತ್ತಿದ್ದೇವೆ.

1982ರ ಏಪ್ರಿಲ್ 8ರಂದು ಅಮೆರಿಕದ ನ್ಯಾಷನಲ್ ಬ್ಯೂರೊ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ನಡೆದದ್ದನ್ನೇ ನೋಡಿ. ಇಸ್ರೇಲಿನ ವಿಜ್ಞಾನಿ ಡ್ಯಾನ್ ಶೆಕ್ಟ್‌ಮನ್, ಅತಿ ವೇಗವಾಗಿ ತಣಿಸಿದ ಅಲ್ಯುಮಿನಿಯಂ–ಮ್ಯಾಂಗನೀಸ್ ಮಿಶ್ರಲೋಹವೊಂದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಿದ್ದರು. ಪರದೆಯ ಮೇಲೆ ಬೆಳಕಿನ ಚುಕ್ಕಿಗಳು ವೃತ್ತಾಕಾರವಾಗಿ ಹತ್ತರ ಲೆಕ್ಕದಲ್ಲಿ ಮೂಡಿದವು. ಪಠ್ಯಪುಸ್ತಕದ ಪ್ರಕಾರ ಇದು ಅಸಾಧ್ಯ. ಹರಳಿನೊಳಗೆ ಪರಮಾಣುಗಳು ಒಂದೇ ವಿನ್ಯಾಸದಲ್ಲಿ ಮತ್ತೆ ಮತ್ತೆ ಜೋಡಣೆಯಾಗಬೇಕು, ಹಾಗಾದಾಗ ಎರಡು, ಮೂರು, ನಾಲ್ಕು, ಆರು ಮಡಿ ಸಮಮಿತಿಗೆ ಮಾತ್ರ ಅವಕಾಶ. ಮನೆಯ ನೆಲಕ್ಕೆ ಚೌಕದ ಅಥವಾ ಷಟ್ಕೋನದ ಟೈಲ್ಸ್ ಸಂದಿಯಿಲ್ಲದೆ ಹಾಕಬಹುದು, ಒಂದೇ ಅಳತೆಯ ಸಮ ಪಂಚಕೋನದ ಟೈಲ್ಸ್ ಹಾಕಲಾಗದು. ಕಾರಣ ಇದೇ. ಶೆಕ್ಟ್‌ಮನ್ ಅಡ್ಜಸ್ಟ್ ಮಾಡಲಿಲ್ಲ. ನೋಟ್‌ಬುಕ್ಕಿನಲ್ಲಿ ‘ಹತ್ತು ಮಡಿ’ ಎಂದು ಬರೆದು ಪಕ್ಕದಲ್ಲಿ ಮೂರು ಪ್ರಶ್ನಾರ್ಥಕ ಚಿಹ್ನೆ ಹಾಕಿದರು.

ಆ ಪ್ರಶ್ನಾರ್ಥಕ ಚಿಹ್ನೆಗಳಿಗೆ ಅವರು ತೆತ್ತ ಬೆಲೆ ಸಣ್ಣದಲ್ಲ. ಸಂಶೋಧನಾ ತಂಡದಿಂದ ಹೊರನಡೆಯುವಂತೆ ಹೇಳಿಸಿಕೊಂಡರು. ಎರಡು ಬಾರಿ ನೊಬೆಲ್ ಪಡೆದ ಲೈನಸ್ ಪೌಲಿಂಗ್ ಅವರಂಥ ದಿಗ್ಗಜರೇ ಕೊನೆಯವರೆಗೂ ಒಪ್ಪಲಿಲ್ಲ. ಪ್ರಬಂಧ ಪ್ರಕಟವಾದದ್ದು 1984ರ ನವೆಂಬರ್‌ನಲ್ಲಿ. ಅದರ ಮರುತಿಂಗಳೇ ಡವ್ ಲೆವಿನ್ ಮತ್ತು ಪಾಲ್ ಸ್ಟೈನ್‌ಹಾರ್ಟ್ ಎಂಬ ಇಬ್ಬರು ಸಿದ್ಧಾಂತಿಗಳ ಪ್ರಬಂಧ ಬಂತು. ಪುನರಾವರ್ತನೆಯಾಗದ, ಆದರೂ ಅಚ್ಚುಕಟ್ಟಾದ ಪರಮಾಣು ಜೋಡಣೆ ಸಾಧ್ಯ ಎಂದು ಅವರು ಗಣಿತದಲ್ಲಿ ತೋರಿಸಿದ್ದರು, ಅದಕ್ಕೆ ‘ಕ್ವಾಸಿಕ್ರಿಸ್ಟಲ್’ ಎಂದು ಹೆಸರಿಟ್ಟರು. 1985ರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಎಸ್. ರಂಗನಾಥನ್, ಕೆ. ಚಟ್ಟೋಪಾಧ್ಯಾಯ ಮತ್ತು ಸಂಗಡಿಗರು ಇಂಥ ವಸ್ತುಗಳ ಇನ್ನೊಂದು ಬಗೆಯನ್ನು ಗುರುತಿಸಿದರು. 1992ರಲ್ಲಿ ಹರಳು ಎಂಬುದರ ವ್ಯಾಖ್ಯೆಯೇ ಬದಲಾಯಿತು. 2011ರಲ್ಲಿ ಶೆಕ್ಟ್‌ಮನ್ ಅವರಿಗೆ ನೊಬೆಲ್ ಬಂತು.

ಇದು ಎಲ್ಲೋ ಒಮ್ಮೆ ನಡೆದ ಪವಾಡ ಎಂದುಕೊಳ್ಳಬೇಡಿ. ಸಿ.ವಿ. ರಾಮನ್ ಅವರ ಶಿಷ್ಯ ಕೆ.ಆರ್. ರಾಮನಾಥನ್ 1923ರಲ್ಲಿ ಕಲ್ಕತ್ತೆಯ ಲ್ಯಾಬಿನಲ್ಲಿ ನೀರಿನಿಂದ ಚದುರಿದ ಬೆಳಕನ್ನು ಗಮನಿಸುತ್ತಿದ್ದಾಗ, ಅಲ್ಲಿ ಇರಬಾರದ ಇನ್ನೊಂದು ಮಂದ ಬೆಳಕು ಕಂಡಿತು. ನೀರಿನಲ್ಲಿ ಕಲ್ಮಶ ಇರಬೇಕು ಎಂದು ಮತ್ತೆ ಮತ್ತೆ ಶುದ್ಧ ಮಾಡಿದರು. ಬೆಳಕು ಹೋಗಲಿಲ್ಲ. ಅದನ್ನು ಮರೆಯದೆ ಬೆನ್ನು ಹತ್ತಿದ್ದರ ಫಲವೇ 1928ರ ಫೆಬ್ರುವರಿ 28ರ ರಾಮನ್ ಪರಿಣಾಮ. ಬೆಳಕು ಅಣುಗಳ ಕಂಪನದೊಂದಿಗೆ ಶಕ್ತಿಯನ್ನು ಕೊಟ್ಟು ತೆಗೆದುಕೊಂಡು ಬಣ್ಣ ಬದಲಿಸುತ್ತದೆ ಎಂಬುದು ಅದರಿಂದ ತಿಳಿಯಿತು. ಪ್ರತಿವರ್ಷ ಆ ದಿನ ರಂಗೋಲಿ, ಭಾಷಣ, ಪ್ರಬಂಧ ಸ್ಪರ್ಧೆ ಎಲ್ಲವೂ ನಡೆಯುತ್ತವೆ. ಮಾರನೆಯ ದಿನ ಲ್ಯಾಬಿನಲ್ಲಿ ಮತ್ತೆ ಅದೇ ರಬ್ಬರ್.

ಪ್ಲಾಸ್ಮಾ ಭೌತಶಾಸ್ತ್ರಕ್ಕೆ ಬನ್ನಿ. ಸೂರ್ಯನೊಳಗಿನಂತೆ ಪರಮಾಣು ಬೀಜಗಳನ್ನು ಬೆಸೆದು ಶಕ್ತಿ ಪಡೆಯಲು ಕೋಟ್ಯಂತರ ಡಿಗ್ರಿಯ ಪ್ಲಾಸ್ಮಾವನ್ನು ಕಾಂತಕ್ಷೇತ್ರದಲ್ಲಿ ಹಿಡಿದಿಡಬೇಕು. ಹೆಚ್ಚು ಕಾಯಿಸಿದಷ್ಟೂ ಶಾಖ ಬೇಗ ಸೋರಿಹೋಗುತ್ತದೆ ಎಂಬುದು ಅಲ್ಲಿಯವರೆಗಿನ ಕಹಿ ಅನುಭವ. 1982ರಲ್ಲಿ ಜರ್ಮನಿಯ ಗಾರ್ಕಿಂಗ್‌ನ ಆಸ್‌ಡೆಕ್ಸ್ ಯಂತ್ರದಲ್ಲಿ ಫ್ರಿಟ್ಸ್ ವ್ಯಾಗ್ನರ್ ಕಂಡದ್ದು ಇದರ ತದ್ವಿರುದ್ಧ: ಕಾಯಿಸುವ ಶಕ್ತಿ ಒಂದು ಮಿತಿ ದಾಟಿದೊಡನೆ ಸೋರಿಕೆ ತಟ್ಟನೆ ತಗ್ಗಿತು, ಶಾಖ ಸುಮಾರು ಎರಡು ಪಟ್ಟು ಹೊತ್ತು ಉಳಿಯಿತು. ಯಾವ ಸಿದ್ಧಾಂತವೂ ಇದನ್ನು ಮೊದಲೇ ಹೇಳಿರಲಿಲ್ಲ. ಭಾರತವೂ ಸೇರಿ ಏಳು ಸದಸ್ಯರು ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಐಟರ್ ಯಂತ್ರದ ವಿನ್ಯಾಸ ಇವತ್ತು ಈ ಅನಿರೀಕ್ಷಿತ ಸ್ಥಿತಿಯನ್ನೇ ನಂಬಿದೆ.

ಹಾಗಂತ ಹೊಂದದ ರೀಡಿಂಗ್‌ಗಳೆಲ್ಲ ನೊಬೆಲ್ ತರುವುದಿಲ್ಲ. ಹೆಚ್ಚಿನವು ಸಡಿಲ ವೈರು, ಸವೆದ ಸ್ಕ್ರೂಗೇಜ್, ನಮ್ಮದೇ ಅವಸರ. 2023ರಲ್ಲಿ ಎಲ್‌ಕೆ–99 ಎಂಬ ವಸ್ತು ಕೋಣೆಯ ಉಷ್ಣತೆಯಲ್ಲೇ ಅತಿವಾಹಕವಾಗುತ್ತದೆ ಎಂದು ಕೊರಿಯಾದ ತಂಡವೊಂದು ಹೇಳಿದಾಗ ಜಗತ್ತೇ ಕುಣಿಯಿತು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವೂ ಸೇರಿ ಹಲವೆಡೆ ಅದನ್ನು ತಯಾರಿಸಿ ಪರೀಕ್ಷಿಸಿದರು, ಅತಿವಾಹಕತೆ ಸಿಗಲಿಲ್ಲ. ರೋಧ ದಿಢೀರನೆ ಕುಸಿದಂತೆ ಕಂಡದ್ದಕ್ಕೆ ಕಾರಣ ಅದರಲ್ಲಿ ಬೆರೆತಿದ್ದ ತಾಮ್ರದ ಸಲ್ಫೈಡ್ ಎಂಬ ಕಲ್ಮಶ. ರಾಮನ್ ಲ್ಯಾಬಿನಲ್ಲಿ ಕಲ್ಮಶ ಎಂದುಕೊಂಡದ್ದು ಕಲ್ಮಶವಾಗಿರಲಿಲ್ಲ, ಇಲ್ಲಿ ಪವಾಡ ಎಂದುಕೊಂಡದ್ದು ಕಲ್ಮಶವಾಗಿತ್ತು. ಯಾವುದು ಯಾವುದೆಂದು ಗೊತ್ತಾದದ್ದು ರೀಡಿಂಗ್ ಅನ್ನು ಇದ್ದಂತೆಯೇ ಇಟ್ಟು ‘ಯಾಕೆ ಹೀಗೆ?’ ಎಂದು ಕೇಳಿದ್ದರಿಂದ.

ಬಿ.ಎಸ್ಸಿ.ಯಲ್ಲಿ ನನ್ನ ಸಹಪಾಠಿಯೊಬ್ಬಳು ಈ ಪ್ರಶ್ನೆ ಕೇಳಿದ್ದಳು. ಡಯೋಡ್ ಅನ್ನು ಎಣ್ಣೆಯಲ್ಲಿ ಮುಳುಗಿಸಿ ಕಾಯಿಸಿ ಅರೆವಾಹಕದ ಶಕ್ತಿ ಅಂತರ ಕಂಡುಹಿಡಿಯುವ ಪ್ರಯೋಗವದು. ಎಣ್ಣೆ ಬಿಸಿಯಾಗುವಾಗ ಒಂದು ಬೆಲೆ, ತಣಿಯುವಾಗ ಇನ್ನೊಂದು. ಥರ್ಮಾಮೀಟರ್ ತೋರಿಸುವ ಉಷ್ಣತೆಯೂ ಡಯೋಡಿನ ಉಷ್ಣತೆಯೂ ಒಂದೇ ಅಲ್ಲವೇನೋ ಎಂಬುದು ಅವಳ ಅನುಮಾನ. ಇನ್ನೊಮ್ಮೆ ನಿಧಾನವಾಗಿ ಕಾಯಿಸಿ ನೋಡುತ್ತೇನೆ ಎಂದಳು. ಮುಂದಿನ ಬ್ಯಾಚ್ ಬಾಗಿಲಲ್ಲಿ ಕಾಯುತ್ತಿತ್ತು. ಎರಡೂ ಬೆಲೆಗಳನ್ನು ಇದ್ದಂತೆಯೇ ಬರೆದ ಅವಳಿಗೆ, ಪುಸ್ತಕದ ಬೆಲೆ ಬರೆದವರಿಗಿಂತ ಕಡಿಮೆ ಅಂಕ ಬಂತು. ಈಗ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಳೆ. ಆ ಒಂದು ದಿನವೇ ಅದಕ್ಕೆ ಕಾರಣ ಎನ್ನಲಾರೆ. ಆದರೆ ಅವತ್ತು ಇಡೀ ಲ್ಯಾಬಿನಲ್ಲಿ ಭೌತಶಾಸ್ತ್ರ ಮಾಡಿದವಳು ಅವಳೊಬ್ಬಳೇ.

ಅಧ್ಯಾಪಕರ ಕಷ್ಟ ನನಗೆ ಕಾಣುವುದಿಲ್ಲ ಎಂದಲ್ಲ. ಬ್ಯಾಚಿಗೆ ಇಪ್ಪತ್ತು ಹುಡುಗರು, ಸರಿಯಾಗಿರುವ ಸ್ಪೆಕ್ಟ್ರೋಮೀಟರ್ ಎರಡು. ವರ್ಷದಿಂದ ವರ್ಷಕ್ಕೆ ನೌಕರಿ ಉಳಿಯುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿರುವ ಅತಿಥಿ ಉಪನ್ಯಾಸಕರನ್ನು ಹೊಸ ಸಾಹಸ ಮಾಡಿ ಎನ್ನುವುದು ಸುಲಭ, ಮಾಡುವುದು ಕಷ್ಟ. ಆದ್ದರಿಂದ ಕೋಟಿಗಟ್ಟಲೆ ಅನುದಾನದ ಮಾತು ಬೇಡ. ಮೂರೇ ಬದಲಾವಣೆ ಸಾಕು.

ಮೊದಲನೆಯದು, ಉತ್ತರ ಪುಸ್ತಕಕ್ಕೆ ಹೊಂದಿತೇ ಎಂಬುದಕ್ಕೆ ಅಂಕ ಬೇಡ. ರೀಡಿಂಗ್ ಎಷ್ಟು ನಂಬಬಹುದು, ವ್ಯತ್ಯಾಸ ಎಲ್ಲಿಂದ ಬಂದಿರಬಹುದು ಎಂಬ ವಿವರಣೆಗೆ ಅಂಕ ಕೊಡಿ. ಎರಡನೆಯದು, ಬ್ಯಾಚಿಗೊಂದು ಬೇರೆ ವಸ್ತು ಕೊಡಿ. ಕೆಲವೇ ರೂಪಾಯಿಯ ಬೇರೆ ಎಲ್ಇಡಿ, ಬೇರೆ ಥರ್ಮಿಸ್ಟರ್, ಎಷ್ಟು ಸಕ್ಕರೆ ಹಾಕಿದೆ ಎಂದು ಅಧ್ಯಾಪಕರಿಗೆ ಮಾತ್ರ ಗೊತ್ತಿರುವ ದ್ರಾವಣ. ಸೀನಿಯರ್ ರೆಕಾರ್ಡ್ ಅಂದೇ ರದ್ದಿಗೆ ಹೋಗುತ್ತದೆ. ಮೂರನೆಯದು, ಸೆಮಿಸ್ಟರಿಗೆ ಎರಡು ಪ್ರಯೋಗ ಕಡಿಮೆಯಾದರೂ ಚಿಂತೆಯಿಲ್ಲ, ಒಂದನ್ನಾದರೂ ಮತ್ತೊಮ್ಮೆ ಮಾಡಿ ನೋಡಲು ಸಮಯ ಕೊಡಿ.

ಥಿಯರಿ ಓದುವವರು ಜಾಣರು, ಲ್ಯಾಬ್ ಎಂದರೆ ಹಾಜರಿ ಎಂಬ ಭಾವನೆಯೂ ಆಗ ಕರಗೀತು. ಶೆಕ್ಟ್‌ಮನ್ ಅವರ ಚುಕ್ಕಿಗಳಿಗೆ ಸಿದ್ಧಾಂತಿಗಳ ಗಣಿತ ಬೇಕಾಯಿತು, ಆ ಗಣಿತಕ್ಕೂ ಚುಕ್ಕಿಗಳು ಬೇಕಾಗಿದ್ದವು. ಇನ್ನು ಜೂನಿಯರ್‌ಗಳಿಗೆ ನನ್ನದೊಂದು ಮಾತು: ಮುಂದಿನ ಲ್ಯಾಬಿನಲ್ಲಿ ಒಂದು ಚುಕ್ಕಿ ಗೆರೆಯಿಂದ ಆಚೆ ಬಿದ್ದರೆ ಅದನ್ನು ಅಲ್ಲೇ ಬಿಡಿ. ಪಕ್ಕದಲ್ಲಿ ಪೆನ್ನಿನಲ್ಲೇ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ. ವೈವಾದಲ್ಲಿ ಯಾರಾದರೂ ಅದರ ಬಗ್ಗೆ ಕೇಳಿದರೆ, ಹೇಳಲು ನಿಮ್ಮದೇ ಆದ ಒಂದು ಮಾತಾದರೂ ಇರುತ್ತದೆ.