ಅಂಜಿಕೆಯೂ ಒಂದು ಪಾಠವೇ

ಶಾಲೆಯ ಸ್ಮರಣ ಸಂಚಿಕೆಗೆ ಲೇಖನ ಬರೆಯುವ ಶಿಕ್ಷಕನು ತನ್ನ ವೃತ್ತಿಜೀವನದ ಸವಿನೆನಪುಗಳನ್ನು ತೋಡಿಕೊಳ್ಳುವುದು ವಾಡಿಕೆ. ನಾನು ಅಷ್ಟೇನೂ ಸವಿಯಲ್ಲದ ಒಂದು ನೆನಪಿನಿಂದ ಆರಂಭಿಸುತ್ತಿದ್ದೇನೆ. ವಾಚಕರು ಮನ್ನಿಸಬೇಕು.

ನಿವೃತ್ತನಾದ ಕೆಲವು ವರ್ಷಗಳ ಮೇಲೆ ಒಂದು ಮದುವೆಯ ಮನೆಯಲ್ಲಿ ನಡುವಯಸ್ಸಿನ ಗೃಹಸ್ಥರೊಬ್ಬರು ಬಂದು ನಮಸ್ಕರಿಸಿದರು. ಏಳನೆಯ ಇಯತ್ತೆಯಲ್ಲಿ ನನ್ನಿಂದ ಅಂಕಗಣಿತ ಕಲಿತವರು. ಈಗ ದೊಡ್ಡ ಹುದ್ದೆಯಲ್ಲಿರುವವರು. ಕುಶಲೋಪರಿಯಾದ ಮೇಲೆ ನಗುತ್ತಲೇ ಹೇಳಿದರು: “ಗುರುಗಳೇ, ನಿಮ್ಮ ಚಪ್ಪಲಿ ಸಪ್ಪಳ ಕೇಳಿದ್ರ ಇವತ್ತಿಗೂ ಎದಿ ಝಲ್ ಅಂತೈತ್ರಿ.” ಸುತ್ತ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಆ ಹುಡುಗನಿಗೆ ನಾನು ಬೆತ್ತ ಬೀಸಿದ್ದು ಇಡೀ ವರ್ಷದಲ್ಲಿ ಎರಡು ಸಲವೋ ಮೂರು ಸಲವೋ ಇದ್ದೀತು, ನನಗದು ನೆನಪಿಲ್ಲ. ಅವರಿಗೆ ನೆನಪಿದೆ. ಪಡಸಾಲೆಯಲ್ಲಿ ಚಪ್ಪಲಿಯ ಸಪ್ಪಳ, ಆಮೇಲೆ ಬಾಗಿಲಲ್ಲಿ ನಾನು, ಆಮೇಲೆ ಬೆತ್ತ: ಈ ಕ್ರಮವನ್ನು ಅವರ ಮಿದುಳು ಒಮ್ಮೆಗೇ ಕಲಿತುಬಿಟ್ಟಿತ್ತು. ವರ್ಷವಿಡೀ ಕಲಿಸಿದ ಲಾಭನಷ್ಟದ ಲೆಕ್ಕಗಳಲ್ಲಿ ಎಷ್ಟು ನೆನಪಿವೆಯೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಮಿದುಳಿನ ನರಜಾಲಗಳಿಗೂ ಪ್ರಾಣಿಗಳ ನಡವಳಿಕೆಗೂ ಇರುವ ಸಂಬಂಧವನ್ನು ಕುರಿತು ಕಳೆದ ಮೂರು ನಾಲ್ಕು ದಶಕಗಳಲ್ಲಿ ನಡೆದಿರುವ ಸಂಶೋಧನೆಯನ್ನು ನಾನು ಓದತೊಡಗಿದ್ದು ಆ ಬಳಿಕ. ನಾನು ವಿಜ್ಞಾನಿಯಲ್ಲ, ಪಾಠ ಹೇಳಿದವನು ಮಾತ್ರ. ಆದರೂ ಆ ಓದಿನಿಂದ ನನಗೆ ಮನವರಿಕೆಯಾದ ಒಂದು ಸಂಗತಿಯನ್ನು ಶಿಕ್ಷಕ ಬಂಧುಗಳ, ಹಳೆಯ ವಿದ್ಯಾರ್ಥಿಗಳ ಹಾಗೂ ದಾನಿಗಳ ಮುಂದೆ ಅರಿಕೆ ಮಾಡಿಕೊಳ್ಳುವುದು ಈ ಲೇಖನದ ಉದ್ದೇಶ. ಶಾಲೆಯಲ್ಲಿ ಅಂಜಿಕೆಯು ಪಾಠಕ್ಕೆ ಸಾಧನವೆಂದು ನಾವು ತಿಳಿದಿದ್ದೇವೆ. ಅದು ತಾನೇ ಒಂದು ಪಾಠ. ಮಗು ಬೇಗನೆ ಕಲಿಯುವ, ಸುಲಭವಾಗಿ ಅಳಿಸಲಾಗದ ಪಾಠ.

ನ್ಯೂಯಾರ್ಕ್ ವಿಶ್ವವಿದ್ಯಾಲಯದ ಜೋಸೆಫ್ ಲೆಡೂ ಮತ್ತಿತರ ವಿಜ್ಞಾನಿಗಳು 1980ರ ದಶಕದಿಂದ ನಡೆಸಿದ ಪ್ರಯೋಗಗಳ ಬಗೆ ಸರಳವಾದುದು. ಇಲಿಗೆ ಒಂದು ಧ್ವನಿಯನ್ನು ಕೇಳಿಸುತ್ತಾರೆ. ಅದು ಮುಗಿಯುವಾಗ ಕಾಲಿಗೆ ಲಘುವಾದ ವಿದ್ಯುತ್ತಿನ ಆಘಾತ ಕೊಡುತ್ತಾರೆ. ಹೀಗೆ ಒಂದೆರಡು ಸಲವಾದರೆ ಸಾಕು. ಆಮೇಲೆ ಬರಿಯ ಧ್ವನಿ ಕೇಳಿದರೂ ಇಲಿ ಇದ್ದಲ್ಲಿಯೇ ಮರಗಟ್ಟಿ ನಿಲ್ಲುತ್ತದೆ, ಅದರ ರಕ್ತದೊತ್ತಡ ಏರುತ್ತದೆ. ಈ ಕಲಿಕೆಯ ಕೇಂದ್ರ ಮಿದುಳಿನ ಒಳಗೆ ಎರಡೂ ಬದಿಯಲ್ಲಿರುವ, ಬಾದಾಮಿಯ ಆಕಾರದ ಅಮಿಗ್ಡಲ ಎಂಬ ಭಾಗ. ಕಿವಿಗೆ ಬಿದ್ದ ಸದ್ದು ಅಲ್ಲಿಗೆ ಎರಡು ದಾರಿಗಳಿಂದ ತಲುಪುತ್ತದೆಂದು ಲೆಡೂ ತೋರಿಸಿದರು. ಒಂದು ದಾರಿ ಸದ್ದಿನ ವಿವರಗಳನ್ನು ವಿಂಗಡಿಸುವ ಮಿದುಳಿನ ಹೊರಪದರವನ್ನು ಬಳಸಿಕೊಂಡು ಬರುವ ಸುತ್ತುದಾರಿ. ಇನ್ನೊಂದು ಆ ಹೊರಪದರವನ್ನು ಮುಟ್ಟದೆಯೇ ಬರುವ ಅಡ್ಡದಾರಿ. ಕಾಡಿನಲ್ಲಿ ಹುಲಿಯ ಹೆಜ್ಜೆಯ ಸದ್ದಾದಾಗ ಜೀವ ಉಳಿಸುವುದು ಈ ಅಡ್ಡದಾರಿಯೇ. ಆದರೆ ತರಗತಿಯ ಕೋಣೆ ಕಾಡಲ್ಲ. ಕರಿಹಲಗೆಯ ಮುಂದೆ ನಿಂತು, ಮನೆಯಲ್ಲಿ ಸರಾಗವಾಗಿ ಹೇಳುತ್ತಿದ್ದ ಮಗ್ಗಿಯನ್ನು ಮರೆತು ಕಂಬದಂತಾದ ಬಾಲಕನನ್ನು ಯಾವ ಶಿಕ್ಷಕ ಕಂಡಿಲ್ಲ? ಅವನನ್ನು ನಾವು ಮೊಂಡನೆಂದೆವು, ದಡ್ಡನೆಂದೆವು. ಆ ಗಳಿಗೆಯಲ್ಲಿ ಅವನು ಬೇರೊಂದು ಪಾಠವನ್ನು ಚಾಚೂ ತಪ್ಪದೆ ಒಪ್ಪಿಸುತ್ತಿದ್ದನೆಂಬುದು ನಮಗೆ ಹೊಳೆಯಲಿಲ್ಲ.

ನೆನಪು ಎಂಬುದು ನಿರಾಕಾರವಾದ ವಸ್ತುವೆಂದು ಹಿಂದೆ ಭಾವಿಸುತ್ತಿದ್ದೆವು. ಈಗ ಅದರ ನೆಲೆಯನ್ನು ಬೆರಳಿಟ್ಟು ತೋರಿಸಬಹುದಾದಷ್ಟು ವಿಜ್ಞಾನ ಮುಂದುವರಿದಿದೆ. ಹಸಿರು ಪಾಚಿಯೊಂದರಿಂದ ಪಡೆದ, ಬೆಳಕಿಗೆ ಸ್ಪಂದಿಸುವ ಪ್ರೋಟೀನನ್ನು ನರಕೋಶಗಳಲ್ಲಿ ಸೇರಿಸಿ, ಬೇಕಾದ ಕೋಶಗಳನ್ನಷ್ಟೇ ಬೆಳಕಿನಿಂದ ಎಚ್ಚರಿಸುವ ವಿಧಾನವನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕಾರ್ಲ್ ಡೈಸೆರೋತ್, ಎಡ್ವರ್ಡ್ ಬಾಯ್ಡನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದರು. ಇದೇ ಉಪಾಯವನ್ನು ಬಳಸಿ 2012ರಲ್ಲಿ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸುಸುಮು ತೊನೆಗಾವಾ ಅವರ ತಂಡ ಒಂದು ಅಚ್ಚರಿಯ ಫಲಿತಾಂಶವನ್ನು ಕಂಡಿತು. ಒಂದು ಪೆಟ್ಟಿಗೆಯಲ್ಲಿ ಚಿಟ್ಟಿಲಿ ಹೆದರಿದಾಗ ಅದರ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ಯಾವ ಕೋಶಗಳು ಚುರುಕಾದವೋ ಅವನ್ನು ಗುರುತಿಟ್ಟುಕೊಂಡರು. ಆಮೇಲೆ ಯಾವ ಅಪಾಯವೂ ಇಲ್ಲದ ಬೇರೊಂದು ಪೆಟ್ಟಿಗೆಯಲ್ಲಿ ಅದನ್ನು ಬಿಟ್ಟು, ಆ ಕೋಶಗಳ ಮೇಲೆ ಮಾತ್ರ ಬೆಳಕು ಹಾಯಿಸಿದರು. ಪ್ರಾಣಿ ಹಳೆಯ ಅಂಜಿಕೆಯಿಂದ ಮರಗಟ್ಟಿ ನಿಂತಿತು. ಅಂಜಿಕೆಯ ನೆನಪು ನಿರ್ದಿಷ್ಟ ಕೋಶಗಳ ಕೂಟದಲ್ಲಿ ದಾಖಲಾಗಿರುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಮಾಣ ಬೇಕಿಲ್ಲ.

ಹಾಗಾದರೆ ಆ ದಾಖಲೆಯನ್ನು ಅಳಿಸಬಹುದಲ್ಲವೇ? ಪೆಟ್ಟು ಕೊಟ್ಟ ಮೇಷ್ಟರೇ ಮರುದಿನ ಬೆನ್ನು ಸವರಿದರೆ ಸರಿಹೋಗದೇ? ನಮ್ಮಲ್ಲಿ ಅನೇಕರು ಹೀಗೆಯೇ ಸಮಾಧಾನ ತಂದುಕೊಂಡವರು. ಧ್ವನಿಯನ್ನು ಆಘಾತವಿಲ್ಲದೆ ಮತ್ತೆ ಮತ್ತೆ ಕೇಳಿಸಿದರೆ ಇಲಿಯ ಅಂಜಿಕೆ ಅಡಗುವುದು ನಿಜ. ಆದರೆ ಅಡಗಿದ್ದು ಅಳಿದಂತಲ್ಲ. ಹೀಗೆ ಅಡಗಿದ ಪ್ರತಿಕ್ರಿಯೆ ಕೆಲಕಾಲದ ಮೇಲೆ ತಾನಾಗಿ ಮರಳುವುದನ್ನು ರಷ್ಯಾದ ಪಾವ್ಲೋವ್ ತಮ್ಮ ನಾಯಿಗಳಲ್ಲಿಯೇ ಕಂಡಿದ್ದರು. ಪೋರ್ಟೊರಿಕೊದಲ್ಲಿ ಕೆಲಸ ಮಾಡುತ್ತಿದ್ದ ಮೊಹಮ್ಮದ್ ಮಿಲಾದ್ ಮತ್ತು ಗ್ರೆಗರಿ ಕ್ವರ್ಕ್ ಎಂಬವರು, ಅಂಜಿಕೆ ಅಡಗಿದ್ದನ್ನು ನೆನಪಿಡುವ ಕೋಶಗಳು ಮಿದುಳಿನ ಮುಂಭಾಗದಲ್ಲಿ ಬೇರೆಯಾಗಿಯೇ ಇವೆಯೆಂದು 2002ರಲ್ಲಿ ತೋರಿಸಿದರು. ಎಂದರೆ ‘ಈಗ ಹೆದರಬೇಕಿಲ್ಲ’ ಎಂಬುದು ಹಳೆಯ ಪಾಠದ ಮೇಲೆ ಕಲಿತ ಹೊಸ ಪಾಠ. ಹಳೆಯದು ಬಹುಮಟ್ಟಿಗೆ ಅಡಿಯಲ್ಲಿ ಉಳಿದೇ ಇರುತ್ತದೆ. ಸ್ಥಳ ಬದಲಾದರೆ, ಕಾಲ ಕಳೆದರೆ, ಹೊಸದೊಂದು ಆಘಾತವಾದರೆ ಅದು ಮತ್ತೆ ತಲೆಯೆತ್ತುತ್ತದೆ. ಕರಿಹಲಗೆಯಂತೆ ಒರೆಸಿ ಬರೆಯಲು ಮಿದುಳು ಒಪ್ಪುವುದಿಲ್ಲ.

ಈ ವಿಷಯದಲ್ಲಿ ಅತ್ಯಂತ ಮನಮುಟ್ಟುವ ಕೆಲಸ ನಡೆದಿರುವುದು ನಮ್ಮ ಬೆಂಗಳೂರಿನಲ್ಲಿಯೇ ಎಂಬುದು ಹೆಮ್ಮೆಯ ಸಂಗತಿ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸುಮಂತ್ರ ಚಟರ್ಜಿ, ಅಜಯ್ ವ್ಯಾಸ್ ಮತ್ತು ಸಂಗಡಿಗರು 2002ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ನಿಮ್ಹಾನ್ಸ್ ಸಂಸ್ಥೆಯ ಬಿ. ಎಸ್. ಶಂಕರನಾರಾಯಣ ರಾವ್ ಅವರೂ ಅದರ ಲೇಖಕರಲ್ಲೊಬ್ಬರು. ಇಲಿಗಳನ್ನು ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಅಲುಗಾಡದಂತೆ ಹಿಡಿದಿಟ್ಟು, ಅನಂತರ ಅವುಗಳ ನರಕೋಶಗಳ ಕವಲುಗಳನ್ನು ಪರೀಕ್ಷಿಸಿದರು. ಪಾಠ ಮತ್ತು ಸ್ಥಳಗಳ ನೆನಪಿಗೆ ಅಗತ್ಯವಾದ ಹಿಪೊಕ್ಯಾಂಪಸ್‌ನಲ್ಲಿ ಕವಲುಗಳು ಕುಗ್ಗಿದ್ದವು. ಅಂಜಿಕೆಯ ನೆಲೆಯಾದ ಅಮಿಗ್ಡಲದಲ್ಲಿ ಹೊಸದಾಗಿ ಚಿಗುರಿದ್ದವು. ಒಂದೇ ಕಷ್ಟ ಕಲಿಯುವ ಗಿಡವನ್ನು ಒಣಗಿಸಿ, ಅಂಜುವ ಗಿಡಕ್ಕೆ ನೀರೆರೆಯಿತು.

ಅದೇ ತಂಡದ 2004ರ ಕೆಲಸ ಇನ್ನೂ ಗಂಭೀರವಾದುದು. ಇಪ್ಪತ್ತೊಂದು ದಿನ ಇಲಿಗಳನ್ನು ನೆಮ್ಮದಿಯಾಗಿ ಬಿಟ್ಟಾಗ ಹಿಪೊಕ್ಯಾಂಪಸ್ ಮೊದಲಿನಂತಾಯಿತು. ಅಮಿಗ್ಡಲದ ಬೆಳವಣಿಗೆ ಮಾತ್ರ ಇಳಿಯಲಿಲ್ಲ. 2005ರಲ್ಲಿ ರೂಪ್ಶಿ ಮಿತ್ರ ಮತ್ತು ಸಂಗಡಿಗರು ಕೇವಲ ಒಂದು ಸಲ, ಎರಡು ಗಂಟೆಯ ಕಾಲ ಮಾತ್ರ ಇಲಿಗಳನ್ನು ಹಿಡಿದಿಟ್ಟು ನೋಡಿದರು. ಮರುದಿನ ನೋಡಿದರೆ ಯಾವ ಬದಲಾವಣೆಯೂ ಇಲ್ಲ. ಹತ್ತು ದಿನ ಬಿಟ್ಟು ನೋಡಿದರೆ ಅಮಿಗ್ಡಲದಲ್ಲಿ ನರಕೋಶಗಳ ಹೊಸ ಸಂಪರ್ಕಗಳ ಮೊಳಕೆಗಳು ಹೆಚ್ಚಿದ್ದವು, ಇಲಿಗಳ ಕಳವಳವೂ ಹೆಚ್ಚಿತ್ತು. ‘ಹೊಡೆದ ಮರುದಿನವೇ ಹುಡುಗ ಆಡಿಕೊಂಡಿದ್ದನಲ್ಲ!’ ಎಂದು ನಾನೂ ಎಷ್ಟೋ ಸಲ ಹೇಳಿದ್ದುಂಟು. ಆ ಮಾತು ಎಷ್ಟು ಅವಸರದ್ದೆಂದು ಈಗ ಅನಿಸುತ್ತದೆ.

ಇಲ್ಲಿ ಎಚ್ಚರಿಕೆಯ ಮಾತೊಂದನ್ನು ಹೇಳದಿದ್ದರೆ ವಿಜ್ಞಾನಕ್ಕೆ ಅಪಚಾರವಾದೀತು. ಇಲಿ ಮಗುವಲ್ಲ, ಪ್ರಯೋಗಶಾಲೆಯ ಪೆಟ್ಟಿಗೆ ತರಗತಿಯಲ್ಲ. ಕೇವಲ 302 ನರಕೋಶಗಳುಳ್ಳ ಒಂದು ಹುಳುವಿನ ನರಜಾಲದ ನಕ್ಷೆ 1986ರಲ್ಲಿ ಪೂರ್ಣಗೊಂಡಿತು. ಪ್ರೌಢ ಹಣ್ಣುನೊಣವೊಂದರ ಇಡೀ ಮಿದುಳಿನ ನಕ್ಷೆ, 1,39,255 ನರಕೋಶಗಳದ್ದು, ಪ್ರಕಟವಾದದ್ದು 2024ರಲ್ಲಿ. ಮನುಷ್ಯನ ಮಿದುಳಿನಲ್ಲಿರುವ ನರಕೋಶಗಳು ಸುಮಾರು 8,600 ಕೋಟಿ. ನಾವಿನ್ನೂ ಎಲ್ಲಿದ್ದೇವೆಂಬುದು ಈ ಅಂಕೆಗಳಿಂದಲೇ ತಿಳಿಯುತ್ತದೆ. ಆದುದರಿಂದ ಮಕ್ಕಳ ಮಿದುಳನ್ನು ಓದಬಲ್ಲೆವೆಂದೂ, ಕಣ್ಣಿಗೆ ಬಟ್ಟೆ ಕಟ್ಟಿ ಪುಸ್ತಕ ಓದಿಸುವಂತೆ ‘ಮಧ್ಯಮಿದುಳನ್ನು ಜಾಗೃತಗೊಳಿಸುತ್ತೇವೆ’ಂದೂ ಸಾವಿರಾರು ರೂಪಾಯಿ ಶುಲ್ಕ ಕೇಳುವವರಿಂದ ಪಾಲಕರೂ ಆಡಳಿತ ಮಂಡಳಿಯವರೂ ದೂರವಿರುವುದು ಒಳ್ಳೆಯದು. ನಾನು ಮೇಲೆ ಹೇಳಿದ ಸಂಶೋಧನೆ ಅಂಥ ಯಾವ ಮಂತ್ರದಂಡವನ್ನೂ ನಮ್ಮ ಕೈಗೆ ಕೊಡುವುದಿಲ್ಲ. ಅದು ಕೈಯಲ್ಲಿರುವ ಒಂದು ದಂಡವನ್ನು ಕೆಳಗಿಡಿ ಎಂದಷ್ಟೇ ಸೂಚಿಸುತ್ತದೆ.

ಇದಕ್ಕೆ ಹಿರಿಯ ಸಹೋದ್ಯೋಗಿಗಳ ಆಕ್ಷೇಪವೇನೆಂದು ನಾನು ಬಲ್ಲೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಅವರು ಕೇಳುತ್ತಾರೆ. ಅರುವತ್ತು ಮಕ್ಕಳ ತರಗತಿಯನ್ನು ಬರಿಗೈಯಲ್ಲಿ ಹಿಡಿತದಲ್ಲಿಡುವುದು ಹೇಗೆ? ಫಲಿತಾಂಶ ಇಳಿದರೆ ಉತ್ತರ ಕೊಡುವವರು ಯಾರು? ಈ ಪ್ರಶ್ನೆಗಳು ಹುರುಳಿಲ್ಲದವುಗಳಲ್ಲ. ಯಾವ ಒತ್ತಡವೂ ಇಲ್ಲದೆ ಕಲಿಕೆಯಾಗುತ್ತದೆಂದು ವಿಜ್ಞಾನವೂ ಹೇಳುವುದಿಲ್ಲ. ಮಿತವಾದ ಎಚ್ಚರ ಕಲಿಕೆಗೆ ನೆರವಾಗುತ್ತದೆ, ಮಿತಿ ಮೀರಿದರೆ ಕೆಡಿಸುತ್ತದೆ, ಅದರಲ್ಲಿಯೂ ಕಠಿಣವಾದ ವಿಷಯದಲ್ಲಿ ಬೇಗನೆ ಕೆಡಿಸುತ್ತದೆಂದು ಯರ್ಕ್ಸ್ ಮತ್ತು ಡಾಡ್ಸನ್ ಎಂಬವರು 1908ರಷ್ಟು ಹಿಂದೆಯೇ ಚಿಟ್ಟಿಲಿಗಳ ಪ್ರಯೋಗದಿಂದ ಸೂಚಿಸಿದ್ದರು. ಗಣಿತಕ್ಕೇ ನಾವು ಹೆಚ್ಚು ಬೆತ್ತ ಬಳಸಿದೆವೆಂಬುದನ್ನು ನೆನೆದರೆ ಈ ಮಾತಿನ ತೂಕ ತಿಳಿಯುತ್ತದೆ. ಶಿಸ್ತು ಬೇರೆ, ದಿಗಿಲು ಬೇರೆ. ನಿಯಮವೇನು, ಮೀರಿದರೆ ಪರಿಣಾಮವೇನು ಎಂಬುದು ಮಗುವಿಗೆ ಮೊದಲೇ ತಿಳಿದಿದ್ದು, ಅದು ಎಲ್ಲರಿಗೂ ಒಂದೇ ಆಗಿದ್ದರೆ ಅದು ಶಿಸ್ತು. ಇಂದು ಮೇಷ್ಟರ ಮುಖ ಹೇಗಿದೆಯೋ ಎಂದು ಮಗು ಬಾಗಿಲ ಕಡೆ ನೋಡುತ್ತ ಕುಳಿತರೆ ಅದು ದಿಗಿಲು. ಗಿಡವನ್ನು ಬಗ್ಗಿಸಲು ಹೋಗಿ ಮುರಿದವರ ಸಂಖ್ಯೆಯೂ ಕಡಿಮೆಯಿಲ್ಲ.

ಕಾನೂನು ಈ ಪ್ರಶ್ನೆಯನ್ನು ಆಗಲೇ ತೀರ್ಮಾನಿಸಿದೆ. 2009ರ ಶಿಕ್ಷಣ ಹಕ್ಕು ಅಧಿನಿಯಮದ 17ನೆಯ ಪ್ರಕರಣವು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಬೆತ್ತ ಬಹುಮಟ್ಟಿಗೆ ಮರೆಯಾಗಿದೆಯೆಂಬುದೂ ಸಂತೋಷದ ವಿಷಯವೇ. ಆದರೆ ಎಲ್ಲರ ಮುಂದೆ ಅಂಕಗಳನ್ನು ಓದಿ ನಗಿಸುವುದು, ತಂದೆಯ ಕಸುಬನ್ನೆತ್ತಿ ಹೀಯಾಳಿಸುವುದು, ‘ನಿನ್ನಿಂದೇನಾದೀತು?’ ಎಂಬ ಒಂದು ಮಾತು, ಇವುಗಳಿಗೆ ಬೆತ್ತ ಬೇಕಾಗುವುದಿಲ್ಲ. ಮಗುವಿನ ಪಾಲಿಗೆ ಇವೂ ಆ ಪ್ರಯೋಗಶಾಲೆಯ ಆಘಾತದಂಥವೇ ಎಂದು ನಾನು ನಂಬಿದ್ದೇನೆ.

ಆಶೆಗೂ ಅವಕಾಶವಿದೆ. ಕಷ್ಟಕ್ಕೊಳಗಾದ ಇಲಿಗಳನ್ನು ಒಡನಾಡಿಗಳೂ ಆಟದ ವಸ್ತುಗಳೂ ಓಡಾಡಲು ಜಾಗವೂ ಇರುವ ವಿಶಾಲವಾದ ಗೂಡಿನಲ್ಲಿಟ್ಟಾಗ ಅವುಗಳ ಕಲಿಯುವ ಶಕ್ತಿ ಚೇತರಿಸಿಕೊಂಡುದನ್ನು ನಿಮ್ಹಾನ್ಸ್ ಸಂಶೋಧಕರು ದಾಖಲಿಸಿದ್ದಾರೆ. ದಾನಿಗಳಲ್ಲಿ ನನ್ನ ವಿನಂತಿ ಇದನ್ನು ಕುರಿತದ್ದೇ. ಕಟ್ಟಡಕ್ಕೆ, ಕಮಾನಿಗೆ, ನಾಮಫಲಕಕ್ಕೆ ತಾವು ಉದಾರವಾಗಿ ಕೊಟ್ಟಿದ್ದೀರಿ. ಇನ್ನು ಆಟದ ಬಯಲಿಗೆ, ವಾಚನಾಲಯಕ್ಕೆ, ತರಗತಿಯಲ್ಲಿ ಮಕ್ಕಳ ಸಂಖ್ಯೆ ಇಳಿಸಬಲ್ಲ ಇನ್ನಿಬ್ಬರು ಶಿಕ್ಷಕರ ವೇತನಕ್ಕೆ, ಮಕ್ಕಳ ಮಾತನ್ನು ಕೂತು ಕೇಳುವ ಒಬ್ಬ ಆಪ್ತಸಲಹೆಗಾರರಿಗೆ ಕೊಡಿ. ವಿದ್ಯಾರ್ಥಿನಿಲಯದ ಕಿರಿಯ ಮಕ್ಕಳು ಹಿರಿಯರ ಭಯವಿಲ್ಲದೆ ಕಣ್ತುಂಬ ನಿದ್ರಿಸುವಂತೆ ನೋಡಿಕೊಳ್ಳುವವರಿಗೆ ಕೊಡಿ. ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಬೇರೆ. ‘ನಮ್ಮ ಕಾಲದಲ್ಲಿ ಎಷ್ಟು ಪೆಟ್ಟು ತಿಂದೆವು, ಅದಕ್ಕೇ ಮುಂದೆ ಬಂದೆವು’ ಎಂದು ಸಮಾರಂಭಗಳಲ್ಲಿ ಭಾಷಣ ಮಾಡುವ ಮುನ್ನ, ಪೆಟ್ಟು ತಿಂದು ನಡುವೆಯೇ ಶಾಲೆ ಬಿಟ್ಟವರು ಆ ವೇದಿಕೆಯ ಮೇಲೆ ಇಲ್ಲವೆಂಬುದನ್ನು ನೆನೆಯಿರಿ.

ಶಿಕ್ಷಕ ಬಂಧುಗಳಿಗೆ ಉಪದೇಶ ಮಾಡುವ ಅರ್ಹತೆ ನನಗಿಲ್ಲ. ನನ್ನದು ತಪ್ಪೊಪ್ಪಿಗೆ ಮಾತ್ರ. ನಾವು ತರಗತಿಯನ್ನು ಪ್ರವೇಶಿಸುವ ಮುನ್ನವೇ ನಮ್ಮ ಹೆಜ್ಜೆಯ ಸಪ್ಪಳ ಪ್ರವೇಶಿಸಿರುತ್ತದೆ. ಅದನ್ನು ಕೇಳಿ ಮಕ್ಕಳ ಎದೆ ಕುಗ್ಗಬೇಕೋ ಅರಳಬೇಕೋ ಎಂಬುದನ್ನು ನಾವು ಹಿಂದಿನ ದಿನಗಳಲ್ಲಿ ಕಲಿಸಿಯಾಗಿರುತ್ತದೆ. ಮದುವೆಯ ಮನೆಯಲ್ಲಿ ಭೇಟಿಯಾದ ಆ ಶಿಷ್ಯರಿಗೆ ನಾನು ಅಂದು ಕ್ಷಮೆ ಕೇಳಲಿಲ್ಲ. ಅವರು ಈ ಶಾಲೆಯ ಹಳೆಯ ವಿದ್ಯಾರ್ಥಿಗಳಾದುದರಿಂದ ಈ ಸಂಚಿಕೆ ಅವರ ಕೈ ಸೇರುವುದು ಖಂಡಿತ. ಅಂದು ಆಡದೆ ಉಳಿದ ಮಾತನ್ನು ಇಲ್ಲಿ ಆಡಿದ್ದೇನೆ.