ಲಾರಿ ಅಡಿಗೆ ಬೆಂಕಿ ಯಾಕೆ?

ಡಿಸೆಂಬರ್ ಚಳಿಗೆ ಮಡಿಕೇರಿ, ಸಕಲೇಶಪುರದ ಕಡೆ ಬೆಳಗಿನ ಜಾವ ಲಾರಿಗಳದ್ದು ಮುಷ್ಕರ. ಸೆಲ್ಫ್ ಕೊರಗುಟ್ಟುತ್ತದೆ, ಇಂಜಿನ್ ಏಳೋದಿಲ್ಲ. ಡೀಸೆಲ್ ಅದ್ದಿದ ಚಿಂದಿಗೆ ಬೆಂಕಿ ಹಚ್ಚಿ ಅಡಿಗೆ ಹಿಡಿಯೋರೂ ಉಂಟು. ಪಕ್ಕದಲ್ಲೇ ಅಂಗಡಿ ಸಾಲು, ಬಸ್ಸಿಗೆ ಕಾದ ಜನ!

ಡೀಸೆಲ್ ಇಂಜಿನ್ನಿಗೆ ಕಿಡಿ ಇಲ್ಲ. ಒತ್ತಿದ ಗಾಳಿಯ ಕಾವಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಚಳಿಗೆ ಬ್ಯಾಟರಿ ಸೊರಗಿ, ಆಯಿಲ್ ಮಂದವಾದರೆ ಆ ಕಾವು ಸಾಲದು. ಬಿಳಿ ಹೊಗೆ ಬಂದರೆ ಬ್ಯಾಟರಿ, ಹೀಟರ್ ನೋಡಬೇಕು. ಹೊಗೆಯೇ ಇಲ್ಲವೆಂದರೆ ಡೀಸೆಲ್ಲೇ ಬರುತ್ತಿಲ್ಲ. ಫಿಲ್ಟರ್, ಏರ್ ಲಾಕ್ ನೋಡಬೇಕು.

ಡೀಸೆಲ್ ಹೆಪ್ಪುಗಟ್ಟಿತು ಅನ್ನೋದು ಬರೀ ನೆಪ. ಅಂಥ ಚಳಿ ಲಡಾಖಿನದು. ಮೈನಸ್ 33 ಡಿಗ್ರಿಗೂ ಜಗ್ಗದ ಡೀಸೆಲ್ 2019ರಲ್ಲಿ ಅಲ್ಲಿಗೆ ಬಂತು. ಇಲ್ಲಿ ಮಾಲೀಕರು ಹೊಸ ಬ್ಯಾಟರಿಗೆ ಕಾಸು ಬಿಚ್ಚಿದರೆ ಸಾಕು. ಅದನ್ನು ಉಳಿಸಲು ಹೋಗಿ ಬೀದಿ ಸುಟ್ಟರೆ ಲೆಕ್ಕ ಕೊಡೋರು ಯಾರು?